ಮೋಟಾರು ದುರಸ್ತಿ: ಸಂದೇಹವೂ ಪ್ರಮಾಣವೂ

ಚಿನ್ನಕ್ಕೆ ಒರೆಗಲ್ಲುಂಟು, ಬಟ್ಟೆಗೆ ಮೊಳವುಂಟು, ಅಕ್ಕಿಗೆ ಸೇರುಂಟು. ಕೊಳ್ಳುವವನು ಆ ಕಸುಬನ್ನು ಅರಿಯದವನಾದರೂ ಈ ಅಳತೆಗಳ ಬಲದಿಂದ ಅಂಗಡಿಯವನ ಮಾತನ್ನು ಪರೀಕ್ಷಿಸಿಕೊಳ್ಳಬಲ್ಲನು. ಆದರೆ ಮೋಟಾರು ಗಾಡಿಯ ಬಾನೆಟ್ಟಿನ ಕೆಳಗೆ ನಡೆಯುವ ಕೆಲಸಕ್ಕೆ ಇಂತಹ ಅಳತೆ ಯಾವುದೂ ಸಾಮಾನ್ಯ ಗೃಹಸ್ಥನ ಕೈಯಲ್ಲಿರುವುದಿಲ್ಲ. ರೋಗವು ಇಂತಹದೆಂದು ಹೇಳುವವನೂ, ಔಷಧವನ್ನು ಗೊತ್ತುಮಾಡುವವನೂ, ಅದಕ್ಕೆ ಬೆಲೆ ಕಟ್ಟುವವನೂ, ಕಡೆಗೆ ರೋಗವು ವಾಸಿಯಾಯಿತೆಂದು ಸಾರುವವನೂ ಒಬ್ಬನೇ ಆಗಿರುವ ಕಸುಬುಗಳು ಲೋಕದಲ್ಲಿ ಹೆಚ್ಚಿಲ್ಲ, ಗ್ಯಾರೇಜು ಅವುಗಳಲ್ಲೊಂದು. ಇಂತಹ ಸ್ಥಳದಲ್ಲಿ ಸಂದೇಹವು ಹುಟ್ಟುವುದು ಆಶ್ಚರ್ಯವಲ್ಲ. ಹುಟ್ಟಿದ ಸಂದೇಹವನ್ನು ಏನು ಮಾಡಬೇಕೆಂಬುದೇ ವಿಚಾರಿಸತಕ್ಕ ವಿಷಯ.

ಬೆಂಗಳೂರಿನ ಉತ್ತರ ಭಾಗದ ಸಂಜಯನಗರದಲ್ಲಿ ಈ ಪ್ರಶ್ನೆಯು ದಿನದಿನವೂ ಏಳುವಂತಹುದು. ನಾಗಶೆಟ್ಟಿಹಳ್ಳಿ, ಗೆದ್ದಲಹಳ್ಳಿ, ಭೂಪಸಂದ್ರ ಎಂಬ ಹಳೆಯ ಹಳ್ಳಿಗಳ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿರುವ ಈ ಪ್ರದೇಶದಲ್ಲಿ ಮನೆಯ ಮುಂದೆ ಕಾರು ನಿಲ್ಲದ ಬೀದಿಯೇ ಇಲ್ಲವೆನ್ನಬಹುದು. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆಯು ಒಂದು ಕೋಟಿಯನ್ನು ದಾಟಿದೆ. ಇಷ್ಟು ಗಾಡಿಗಳಿರುವಲ್ಲಿ ದುರಸ್ತಿಯ ಕೆಲಸವೂ ಅಷ್ಟೇ ದೊಡ್ಡದು. ಆದರೂ ಗಾಡಿಯನ್ನು ಕೊಳ್ಳುವಾಗ ತಿಂಗಳುಗಟ್ಟಲೆ ವಿಚಾರಮಾಡುವ ಗೃಹಸ್ಥನು, ದುರಸ್ತಿಗೆ ಬಿಡುವಾಗ ಕೀಲಿಕೈಯನ್ನು ಕೊಟ್ಟು, "ನೋಡಿ ಮಾಡಿಬಿಡಿ" ಎಂಬ ಎರಡು ಮಾತನ್ನಾಡಿ ಹೊರಟುಹೋಗುತ್ತಾನೆ. ಸಂಜೆಗೆ ಬಿಲ್ಲಿನ ಮೊತ್ತವನ್ನು ಕಂಡಾಗ ಅವನ ಮನಸ್ಸು ಕದಡುತ್ತದೆ.

ಆಗ ಅವನ ಮುಂದೆ ಎರಡು ದಾರಿಗಳು ಮಾತ್ರ ಇರುವಂತೆ ತೋರುತ್ತವೆ. ಒಂದು, ಗ್ಯಾರೇಜಿನ ಬಾಗಿಲಲ್ಲಿ ಜಗಳಕ್ಕೆ ನಿಲ್ಲುವುದು. ಇನ್ನೊಂದು, ಹಲ್ಲುಕಚ್ಚಿ ಹಣವನ್ನು ತೆತ್ತು, ಆ ಗ್ಯಾರೇಜಿನವನು ಕಳ್ಳನೆಂದು ನೆರೆಹೊರೆಯವರಿಗೆಲ್ಲ ಹೇಳಿಕೊಂಡು ಬರುವುದು. ಎರಡೂ ನಿಷ್ಫಲವಾದುವು. ಜಗಳದಿಂದ ಸತ್ಯವು ಹೊರಬೀಳುವುದಿಲ್ಲ. ಮೌನದಿಂದ ಅನ್ಯಾಯವು ನಿಲ್ಲುವುದಿಲ್ಲ. ಪ್ರಮಾಣವಿಲ್ಲದ ದೂಷಣೆಯಿಂದ ಪ್ರಾಮಾಣಿಕನಾದವನೊಬ್ಬನ ಅನ್ನವು ಹೋಗಬಹುದು. ಮೂರನೆಯ ದಾರಿಯೊಂದುಂಟು. ಅದು ಬರಹದ ದಾರಿ. ಗ್ಯಾರೇಜಿನ ವಿಷಯದಲ್ಲಿ ನ್ಯಾಯವು ದೊರೆಯುವುದೂ ದೊರೆಯದಿರುವುದೂ ಸಂದೇಹವು ಹುಟ್ಟಿದ ದಿನದಂದಲ್ಲ, ಗಾಡಿಯನ್ನು ಒಪ್ಪಿಸಿದ ಗಳಿಗೆಯಲ್ಲಿಯೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆಂಬುದೇ ಈ ಲೇಖನದ ತಾತ್ಪರ್ಯ.

ಆಯದ ಬಡಗಿಯೂ ಕಮಿಷನ್ನಿನ ಮೆಕ್ಯಾನಿಕ್ಕೂ

ದುರಸ್ತಿಯಲ್ಲಿ ಮೋಸವು ಏಕೆ ಸುಲಭವೆಂಬುದನ್ನು ಮೊದಲು ತಿಳಿಯಬೇಕು. ಇಂದಿನ ಈ ಬಡಾವಣೆಗಳು ಹಳ್ಳಿಗಳಾಗಿದ್ದ ಕಾಲದಲ್ಲಿ ನಮ್ಮ ನಾಡಿನ ಹಳ್ಳಿಗಳಲ್ಲೆಲ್ಲ ಆಯಗಾರರ ಪದ್ಧತಿಯಿದ್ದಿತು. ರೈತನ ಗಾಡಿಯನ್ನೂ ನೇಗಿಲನ್ನೂ ಸರಿಪಡಿಸುತ್ತಿದ್ದ ಬಡಗಿ ಕಮ್ಮಾರರಿಗೆ ಸುಗ್ಗಿಯ ಕಣದಲ್ಲಿ ವರ್ಷಕ್ಕೊಮ್ಮೆ ಧಾನ್ಯದ ಪಾಲು ಸಲ್ಲುತ್ತಿತ್ತು. ಗಾಡಿಯ ಅಚ್ಚು ವರ್ಷದಲ್ಲಿ ಒಮ್ಮೆ ಮುರಿದರೂ ಅಷ್ಟೇ ಆಯ, ನಾಲ್ಕು ಸಲ ಮುರಿದರೂ ಅಷ್ಟೇ. ಆದುದರಿಂದ ಮುರಿಯದ ಅಚ್ಚನ್ನು ಮುರಿದಿದೆಯೆಂದು ಹೇಳುವುದರಲ್ಲಿ ಬಡಗಿಗೆ ಲಾಭವೇನೂ ಇರಲಿಲ್ಲ. ಗಟ್ಟಿಯಾದ ಕೆಲಸವನ್ನು ಮಾಡಿದಷ್ಟೂ ಅವನಿಗೆ ವಿಶ್ರಾಂತಿ. ಹುಟ್ಟಿನಿಂದ ಕಸುಬನ್ನು ಕಟ್ಟಿಹಾಕಿದ್ದ ಆ ಪದ್ಧತಿಯು ಮರಳಿ ಬರಬೇಕೆಂದು ಯಾರೂ ಬಯಸತಕ್ಕುದಲ್ಲ. ಆದರೆ ದುರಸ್ತಿ ಮಾಡುವವನ ಲಾಭವೂ ಮಾಡಿಸುವವನ ಲಾಭವೂ ಒಂದೇ ಕಡೆಗೆ ತಿರುಗಿದ್ದುವೆಂಬುದು ಅದರಲ್ಲಿ ಗಮನಿಸತಕ್ಕ ಗುಣ.

ಇಂದು ಅವು ಎದುರುಬದುರಾಗಿವೆ. ಬದಲಾಯಿಸಿದ ಭಾಗಗಳು ಹೆಚ್ಚಿದಷ್ಟೂ ಗ್ಯಾರೇಜಿಗೆ ವರಮಾನ. ಇದರ ಫಲವೇನೆಂಬುದನ್ನು ಅಮೆರಿಕಾ ದೇಶದ ಎರಡು ನಿದರ್ಶನಗಳು ತೋರಿಸುತ್ತವೆ. 1941ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಯವರು ಸುಸ್ಥಿತಿಯಲ್ಲಿದ್ದ ಒಂದು ಕಾರಿನ ಎಂಜಿನ್ನಿನ ಒಂದೇ ಒಂದು ತಂತಿಯನ್ನು ಬೇಕೆಂದೇ ಕಳಚಿ, ದೇಶದಾದ್ಯಂತ 347 ಗ್ಯಾರೇಜುಗಳಿಗೆ ಅದನ್ನು ಒಯ್ದರು. ಕಣ್ಣಿಗೆ ಕಾಣುವಂತಿದ್ದ ಆ ತಂತಿಯನ್ನು ಸಿಕ್ಕಿಸಿಕೊಟ್ಟರೆ ಕೆಲಸವು ಮುಗಿಯುತ್ತಿತ್ತು. ನೂರಕ್ಕೆ 63ರಷ್ಟು ಗ್ಯಾರೇಜುಗಳು ಮಾಡದ ಕೆಲಸಕ್ಕೋ ಬೇಡದ ಭಾಗಕ್ಕೋ ಹಣವನ್ನು ಕಿತ್ತುವು. ಎರಡನೆಯದು 1992ರದು. ಕ್ಯಾಲಿಫೋರ್ನಿಯಾ ಸಂಸ್ಥಾನದ ಮೋಟಾರು ದುರಸ್ತಿ ಇಲಾಖೆಯವರು ಸಿಯರ್ಸ್ ಎಂಬ ಹೆಸರಾಂತ ವ್ಯಾಪಾರ ಸಂಸ್ಥೆಯ ದುರಸ್ತಿ ಕೇಂದ್ರಗಳಿಗೆ ಗುಟ್ಟಾಗಿ 38 ಸಲ ಗಾಡಿಗಳನ್ನು ಕಳುಹಿಸಿದರು. 34 ಸಲ ಅನಾವಶ್ಯಕವಾದ ಕೆಲಸವನ್ನು ಮಾಡಿಸಿಕೊಳ್ಳುವಂತೆ ಹೇಳಲಾಯಿತೆಂದು ಇಲಾಖೆಯು ಆಪಾದಿಸಿತು. ವಿಚಾರವು ಬಯಲಾದ ಮೇಲೆ ಸಂಸ್ಥೆಯು ಮೊದಲು ಮಾಡಿದ ಕೆಲಸವೇನು? ಸಲಹೆಗಾರರಿಗೆ ಮಾರಾಟದ ಮೇಲೆ ಕೊಡುತ್ತಿದ್ದ ಕಮಿಷನ್ನನ್ನು ನಿಲ್ಲಿಸಿತು. ಮೋಸದ ಬೇರು ಮನುಷ್ಯನ ಸ್ವಭಾವದಲ್ಲಿದ್ದಷ್ಟೇ ಸಂಬಳದ ಏರ್ಪಾಡಿನಲ್ಲಿಯೂ ಇರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ.

ಈ ಎರಡು ನಿದರ್ಶನಗಳಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಮೋಸವು ಕಿರುಗಲ್ಲಿಯ ಸಣ್ಣ ಗ್ಯಾರೇಜಿನಲ್ಲಿ ಮಾತ್ರ ನಡೆಯುವುದೆಂಬುದೂ, ಗಾಜಿನ ಗೋಡೆಗಳ ದೊಡ್ಡ ಕೇಂದ್ರದಲ್ಲಿ ನಡೆಯುವುದಿಲ್ಲವೆಂಬುದೂ ಭ್ರಮೆ. ಹಾಗೆಯೇ 1941ರಲ್ಲಿ ತಂತಿಯನ್ನು ಸರಿಯಾಗಿ ಸಿಕ್ಕಿಸಿಕೊಟ್ಟವರು ನೂರಕ್ಕೂ ಮೇಲ್ಪಟ್ಟಿದ್ದರೆಂಬುದನ್ನೂ ಮರೆಯಬಾರದು. ಪ್ರಾಮಾಣಿಕರು ಇಲ್ಲವೆಂಬುದಲ್ಲ, ಅವರನ್ನು ಗುರುತಿಸುವ ಬಗೆಯು ಗಿರಾಕಿಗೆ ತಿಳಿಯದೆಂಬುದೇ ಕಷ್ಟ.

ನಮ್ಮ ನಗರದ ಒಂದು ನಿದರ್ಶನ

ದೂರದ ದೇಶದ ಮಾತು ಹಾಗಿರಲಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಸಾವಿರಾರು ಗಾಡಿಗಳು ನೀರಿನಲ್ಲಿ ನಿಂತುವು. ಅವುಗಳಲ್ಲೊಂದಾದ ಫೋಕ್ಸ್‌ವ್ಯಾಗನ್ ಪೋಲೊ ಕಾರಿನ ದುರಸ್ತಿಗೆ ಅಧಿಕೃತ ಕೇಂದ್ರವೊಂದು 22 ಲಕ್ಷ ರೂಪಾಯಿಗಳ ಅಂದಾಜನ್ನು ಕೊಟ್ಟಿತು. ಆ ಗಾಡಿಯ ಬೆಲೆಯೇ ಸುಮಾರು 11 ಲಕ್ಷ. ವಿಮೆಯವರು ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಲು ಬೇಕಾದ ಅಂದಾಜು ಪತ್ರಗಳಿಗಾಗಿಯೇ 44,840 ರೂಪಾಯಿಗಳನ್ನು ಕೇಳಲಾಯಿತೆಂದು ಗಾಡಿಯ ಒಡೆಯನು ಬಹಿರಂಗವಾಗಿ ಬರೆದನು. ವಿಷಯವು ತಯಾರಕ ಸಂಸ್ಥೆಯವರೆಗೆ ಹೋದ ಮೇಲೆ ಆ ಶುಲ್ಕವು 5,000 ರೂಪಾಯಿಗಳಿಗೆ ಇಳಿಯಿತು.

ಇದನ್ನು ವಂಚನೆಯೆಂದು ಯಾವ ನ್ಯಾಯಸ್ಥಾನವೂ ತೀರ್ಮಾನಿಸಿಲ್ಲ. ನಾವೂ ಹಾಗೆ ಹೇಳುವುದಿಲ್ಲ. ನೀರು ನುಗ್ಗಿದ ಗಾಡಿಯ ಭಾಗಗಳನ್ನೆಲ್ಲ ಹೊಸದಾಗಿ ಬರೆದರೆ ಮೊತ್ತವು ಗಾಡಿಯ ಬೆಲೆಯನ್ನು ಮೀರುವುದು ಸಾಧ್ಯ. ಇಲ್ಲಿ ನೋಡತಕ್ಕುದು ಬೇರೆ. ಆ ಗೃಹಸ್ಥನು ಬೈದಾಡಿ ಗೆಲ್ಲಲಿಲ್ಲ. ಅಂದಾಜೂ ಶುಲ್ಕವೂ ಕಾಗದದ ಮೇಲೆ ಅಂಕಿಗಳಾಗಿ ಇದ್ದುದರಿಂದ ಗೆದ್ದನು. ಅಂಕಿಯು ಬರಹದಲ್ಲಿದ್ದರೆ ಮೇಲಿನವರು ಉತ್ತರ ಕೊಡಬೇಕಾಗುತ್ತದೆ. ಬಾಯಿಮಾತಿನಲ್ಲಿದ್ದರೆ ಅದು ಗಾಳಿಗೆ ಹೋಗುತ್ತದೆ.

ಸಂದೇಹವೆಲ್ಲವೂ ಅಪರಾಧವಲ್ಲ

ಗಿರಾಕಿಗಳು ಮೋಸವೆಂದು ಬಗೆಯುವ ಅನೇಕ ಸಂಗತಿಗಳಿಗೆ ಬೇರೆ ಕಾರಣಗಳಿರುತ್ತವೆ. ಡೀಸೆಲ್ ಗಾಡಿಯಲ್ಲಿ ಹೊಸ ಎಂಜಿನ್ ಆಯಿಲನ್ನು ತುಂಬಿದ ಕೆಲವೇ ದಿನಗಳಲ್ಲಿ ಅದು ಕರಿಯ ಬಣ್ಣಕ್ಕೆ ತಿರುಗುತ್ತದೆ. ಅದು ಎಂಜಿನ್ನಿನೊಳಗಣ ಮಸಿಯ ಗುಣ; ಆಯಿಲನ್ನು ಬದಲಾಯಿಸಲಿಲ್ಲವೆಂಬುದಕ್ಕೆ ಅದೊಂದೇ ಸಾಕ್ಷ್ಯವಾಗದು. ಈಚಿನ ಗಾಡಿಗಳಲ್ಲಿ ಎಚ್ಚರಿಕೆಯ ದೀಪವು ಹತ್ತಿದಾಗ ಯಂತ್ರದಿಂದ ಓದುವ ಸಂಕೇತವು ತೊಂದರೆಯಿರುವ ಮಂಡಲವನ್ನು ಹೇಳುತ್ತದೆಯೇ ಹೊರತು ಕೆಟ್ಟಿರುವ ಭಾಗವು ಇಂತಹದೇ ಎಂದು ಹೇಳುವುದಿಲ್ಲ. ಆಮ್ಲಜನಕದ ಸೆನ್ಸರಿನ ಸಂಕೇತವು ಬಂದರೆ ಸೆನ್ಸರೇ ಕೆಟ್ಟಿರಬಹುದು, ತಂತಿಯು ಸವೆದಿರಬಹುದು, ಹೊಗೆಕೊಳವೆಯು ಸೋರುತ್ತಿರಬಹುದು. ಒಂದನ್ನು ಬದಲಾಯಿಸಿ ಗುಣವಾಗದೆ ಇನ್ನೊಂದನ್ನು ಬದಲಾಯಿಸಿದವನು ಅನುಭವ ಸಾಲದವನಾಗಿರಬಹುದು, ಕಳ್ಳನೇ ಆಗಿರಬೇಕೆಂದಿಲ್ಲ. ಅಜ್ಞಾನ, ಅಜಾಗರೂಕತೆ, ವಂಚನೆ ಎಂಬ ಈ ಮೂರೂ ಬೇರೆ ಬೇರೆ. ಮೂರಕ್ಕೂ ಬೇರೆ ಬೇರೆ ಪರಿಹಾರ.

ಸಣ್ಣ ಗ್ಯಾರೇಜಿನವನ ಕಷ್ಟವನ್ನೂ ಹೇಳಬೇಕು. ಒಳ್ಳೆಯ ಭಾಗವನ್ನೇ ಹಾಕಬೇಕೆಂದರೂ ಅದು ಅವನಿಗೆ ದೊರೆಯದಿದ್ದ ಕಾಲವುಂಟು. 2014ರ ಆಗಸ್ಟ್ 25ರಂದು ಭಾರತ ಸ್ಪರ್ಧಾ ಆಯೋಗವು ಕಾರು ತಯಾರಿಸುವ 14 ಸಂಸ್ಥೆಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ಪರೀಕ್ಷೆಯ ಉಪಕರಣಗಳನ್ನೂ ತಮ್ಮ ಅಧಿಕೃತ ಕೇಂದ್ರಗಳಿಗೆ ಮಾತ್ರ ಒದಗಿಸಿ, ಸ್ವತಂತ್ರ ದುರಸ್ತಿಗಾರರಿಗೆ ದೊರೆಯದಂತೆ ಮಾಡಿದ್ದಾರೆಂಬುದು ಅವರ ಮೇಲಿನ ತೀರ್ಮಾನ. ಆ ಆಜ್ಞೆಯ ಮೇಲೆ ಮೇಲ್ಮನವಿಗಳು ನಡೆದುವು. 2022ರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯನ್ನು ನೇಮಿಸಿ, ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ನಕಲಿ ಭಾಗವನ್ನು ಅಸಲಿಯೆಂದು ಮಾರುವುದು ಎಂದಿಗೂ ಕ್ಷಮ್ಯವಲ್ಲ. ಆದರೆ ಅಸಲಿಯ ದಾರಿಯನ್ನು ಮುಚ್ಚಿದವರ ಪಾಲೂ ಆ ಪಾಪದಲ್ಲುಂಟು.

ಒಪ್ಪಿಸುವ ಗಳಿಗೆಯ ಎಚ್ಚರ

ಇನ್ನು ಕಾರ್ಯಕ್ರಮಕ್ಕೆ ಬರೋಣ. ಗಾಡಿಯನ್ನು ಒಪ್ಪಿಸುವಾಗ ಗ್ಯಾರೇಜಿನವರಿಂದ ಕೆಲಸದ ಚೀಟಿಯನ್ನು ಪಡೆಯತಕ್ಕದ್ದು. ಅದರಲ್ಲಿ ಗಾಡಿಯ ಸಂಖ್ಯೆ, ಓಡಿದ ಕಿಲೋಮೀಟರು, ಇಂಧನದ ಮಟ್ಟ, ಕಂಡುಬಂದ ತೊಂದರೆ, ಮಾಡಬೇಕಾದ ಕೆಲಸ, ಅಂದಾಜು ವೆಚ್ಚ, ಹಿಂದಿರುಗಿಸುವ ದಿನ ಇವಿಷ್ಟೂ ಇರಬೇಕು. ಸಣ್ಣ ಗ್ಯಾರೇಜಿನಲ್ಲಿ ಅಚ್ಚಾದ ಚೀಟಿಯಿಲ್ಲದಿದ್ದರೆ ಇದನ್ನೇ ವಾಟ್ಸಾಪಿನಲ್ಲಿ ಬರೆದು ಕಳುಹಿಸಿ, "ಸರಿ" ಎಂಬ ಉತ್ತರವನ್ನು ಪಡೆದರೂ ಸಾಕು. ತೊಂದರೆಯನ್ನು ಹೇಳುವಾಗ ಲಕ್ಷಣವನ್ನು ಹೇಳಬೇಕು, ಔಷಧವನ್ನು ಹೇಳಬಾರದು. "ಬ್ರೇಕು ಒತ್ತಿದಾಗ ಎಡಗಡೆಯಿಂದ ಕಿರುಗುಟ್ಟುವ ಶಬ್ದವು ಬರುತ್ತದೆ" ಎಂದರೆ ಶಬ್ದವು ನಿಲ್ಲುವವರೆಗೂ ಹೊಣೆ ಗ್ಯಾರೇಜಿನದು. "ಬ್ರೇಕ್ ಪ್ಯಾಡನ್ನು ಬದಲಾಯಿಸಿ" ಎಂದರೆ ಪ್ಯಾಡು ಬದಲಾದೊಡನೆ ಅವನ ಹೊಣೆ ತೀರಿತು, ಶಬ್ದವು ಉಳಿದರೂ ಕೇಳುವಂತಿಲ್ಲ.

ಎರಡು ಷರತ್ತುಗಳನ್ನು ಚೀಟಿಯಲ್ಲಿ ತಪ್ಪದೆ ಬರೆಯಿಸಬೇಕು. ಮೊದಲನೆಯದು, ಅಂದಾಜನ್ನು ಮೀರುವ ಯಾವ ಕೆಲಸವನ್ನೂ ಒಡೆಯನ ಲಿಖಿತ ಒಪ್ಪಿಗೆಯಿಲ್ಲದೆ ಮಾಡಕೂಡದು. ಎರಡನೆಯದು, ತೆಗೆದ ಹಳೆಯ ಭಾಗಗಳನ್ನೆಲ್ಲ ಹೊಸ ಭಾಗಗಳ ಪೆಟ್ಟಿಗೆಗಳೊಡನೆ ಒಡೆಯನಿಗೆ ತೋರಿಸಿ ಒಪ್ಪಿಸಬೇಕು. ಈ ಎರಡನೆಯ ಷರತ್ತಿನ ಬೆಲೆಯು ಬಹಳ. ಸವೆದ ಪ್ಯಾಡು, ಹರಿದ ಬೆಲ್ಟು, ಸೋರುವ ಶಾಕ್ ಅಬ್ಸಾರ್ಬರು ಕಣ್ಣಿಗೆ ಕಾಣುವ ವಸ್ತುಗಳು. ಅವು ಗುಜರಿಗೆ ಹೋದ ದಿನವೇ ಸಾಕ್ಷ್ಯವೂ ಹೋಯಿತು. ಪೆಟ್ಟಿಗೆಯ ಮೇಲೆ ತಯಾರಕನ ಹೆಸರು, ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ವಿಧಿಸುತ್ತವೆ. ಬಿಲ್ಲಿನಲ್ಲಿರುವ ಬೆಲೆಯನ್ನು ಪೆಟ್ಟಿಗೆಯ ಬೆಲೆಯೊಡನೆ ಹೋಲಿಸುವುದಕ್ಕೆ ಎಂಜಿನಿಯರಿಂಗ್ ವಿದ್ಯೆಯು ಬೇಕಿಲ್ಲ. ಟೈರಿನ ಪಕ್ಕದ ನಾಲ್ಕು ಅಂಕಿಗಳೂ ಹೀಗೆಯೇ: 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದರ್ಥ. ಬ್ಯಾಟರಿಯಾದರೆ ಅದರ ಕ್ರಮಸಂಖ್ಯೆಯು ವಾರಂಟಿಯ ಚೀಟಿಯಲ್ಲಿರುವ ಸಂಖ್ಯೆಗೆ ಹೊಂದಿಕೊಳ್ಳಬೇಕು.

ಗಾಡಿಯೊಡನೆ ಬಂದ ಕೈಪಿಡಿಯು ಅನೇಕ ಮನೆಗಳಲ್ಲಿ ಬಿಚ್ಚದ ಪುಸ್ತಕವಾಗಿಯೇ ಉಳಿದಿರುತ್ತದೆ. ಎಷ್ಟು ಕಿಲೋಮೀಟರಿಗೆ ಯಾವ ಆಯಿಲು, ಯಾವ ಫಿಲ್ಟರು ಎಂಬುದೆಲ್ಲ ಅದರಲ್ಲಿದೆ. ಎಂಜಿನ್ ತೊಳೆಯುವುದು, ಮಸಿ ತೆಗೆಯುವುದು, ಕೆಳಮೈಗೆ ಲೇಪ ಬಳಿಯುವುದು ಎಂಬ ಬಗೆಬಗೆಯ ಸೇವೆಗಳನ್ನು ಸಲಹೆಗಾರನು ಸೂಚಿಸಿದಾಗ, "ಇದು ಕೈಪಿಡಿಯ ಯಾವ ಪುಟದಲ್ಲಿದೆ?" ಎಂದು ಕೇಳಿದರೆ, ಆ ಒಂದು ಪ್ರಶ್ನೆಯಿಂದಲೇ ಪಟ್ಟಿಯು ಅರ್ಧಕ್ಕೆ ಇಳಿಯುವುದುಂಟು.

ಬಿಲ್ಲಿಲ್ಲದ ಲಾಭ

ಇಲ್ಲಿ ಗಿರಾಕಿಗಳಿಗೂ ಒಂದು ಕಠಿಣವಾದ ಮಾತನ್ನು ಹೇಳಬೇಕಾಗಿದೆ. ದುರಸ್ತಿಯ ಕೂಲಿಯ ಮೇಲೆ ನೂರಕ್ಕೆ 18ರಂತೆ ಸರಕು ಸೇವಾ ತೆರಿಗೆಯುಂಟು. ಬಿಡಿಭಾಗಗಳಲ್ಲಿ ಅನೇಕವುಗಳ ಮೇಲೆ ಮುಂಚೆ 28ರಷ್ಟಿದ್ದ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. "ಬಿಲ್ಲು ಬೇಕೆ, ಬೇಡವೆ?" ಎಂದು ಗ್ಯಾರೇಜಿನವನು ಕೇಳಿದಾಗ, ತೆರಿಗೆಯಷ್ಟು ಉಳಿಯುತ್ತದೆಂದು ಸಂತೋಷದಿಂದ "ಬೇಡ" ಎನ್ನುವವರಲ್ಲಿ ವಿದ್ಯಾವಂತರೂ ಇದ್ದಾರೆ, ಸರ್ಕಾರದ ಸಂಬಳವನ್ನು ಪಡೆಯುವವರೂ ಇದ್ದಾರೆ. ಹಾಗೆ ಹೇಳಿದ ಕ್ಷಣದಲ್ಲಿ ಅವರು ಮೂರು ನಷ್ಟಗಳನ್ನು ಕೊಂಡುಕೊಳ್ಳುತ್ತಾರೆ. ಕೆಲಸವು ನಡೆಯಿತೆಂಬುದಕ್ಕೆ ಸಾಕ್ಷ್ಯವಿಲ್ಲ. ಯಾವ ಭಾಗವನ್ನು ಹಾಕಲಾಯಿತೆಂಬುದಕ್ಕೆ ದಾಖಲೆಯಿಲ್ಲ. ನಾಳೆ ಅದು ಕೆಟ್ಟರೆ ವಾರಂಟಿಯಿಲ್ಲ. ಸರ್ಕಾರಕ್ಕೆ ಸಲ್ಲತಕ್ಕ ಹಣವನ್ನು ತಪ್ಪಿಸುವುದರಲ್ಲಿ ಗ್ಯಾರೇಜಿನವನಿಗೆ ಜೊತೆಗಾರನಾದ ಗಿರಾಕಿಯು, ಮರುದಿನ ಅವನಿಂದಲೇ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಹೇಗೆ?

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸೇವೆಗೆ ಬಿಲ್ಲನ್ನಾಗಲಿ ರಸೀತಿಯನ್ನಾಗಲಿ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಬಿಲ್ಲನ್ನು ಕೇಳುವುದು ಅವಿಶ್ವಾಸದ ಗುರುತಲ್ಲ, ಹಕ್ಕು. ಇದರ ಇನ್ನೊಂದು ಮುಖವನ್ನೂ ಅರಿಯಬೇಕು: ತೆರಿಗೆಯ ನೋಂದಣಿಯ ಸಂಖ್ಯೆಯಿಲ್ಲದ ಗ್ಯಾರೇಜಿನವನು ಬಿಲ್ಲಿನಲ್ಲಿ ತೆರಿಗೆಯೆಂದು ಬರೆದು ಹಣವನ್ನು ವಸೂಲುಮಾಡುವಂತಿಲ್ಲ. ಸಂಖ್ಯೆಯು ನಿಜವೇ ಎಂಬುದನ್ನು ತೆರಿಗೆ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು.

ಸಂದೇಹವು ಬಂದ ಮೇಲೆ

ಇಷ್ಟು ಎಚ್ಚರಿಕೆಯ ಮೇಲೂ ಸಂದೇಹವು ಬಂದರೆ, ಮೊದಲು ಕೋಪವನ್ನು ಬದಿಗಿಟ್ಟು ಬಿಲ್ಲಿನ ಒಂದೊಂದು ಸಾಲಿಗೂ ವಿವರಣೆಯನ್ನು ಕೇಳಬೇಕು. ಪ್ರಾಮಾಣಿಕನಾದವನು ಹಳೆಯ ಭಾಗವನ್ನು ತಂದು ತೋರಿಸುತ್ತಾನೆ. ಅರ್ಧ ಸಂದೇಹಗಳು ಅಲ್ಲಿಯೇ ತೀರುತ್ತವೆ. ತೀರದಿದ್ದರೆ, ಅದೇ ಗ್ಯಾರೇಜಿನವನು ಮತ್ತೊಮ್ಮೆ ಗಾಡಿಯನ್ನು ಬಿಚ್ಚುವುದಕ್ಕೆ ಮುಂಚೆ ಬೇರೊಬ್ಬ ಅನುಭವಸ್ಥನಿಂದ ಪರೀಕ್ಷೆಮಾಡಿಸಿ, ಕಂಡುದನ್ನು ಅವನ ರುಜುವಿನೊಡನೆ ಬರೆಯಿಸಿಕೊಳ್ಳಬೇಕು, ಭಾವಚಿತ್ರಗಳನ್ನು ತೆಗೆದಿಡಬೇಕು. ಬಿಚ್ಚಿ ಮರಳಿ ಜೋಡಿಸಿದ ಯಂತ್ರವು ಮೊದಲಿನ ಸ್ಥಿತಿಗೆ ಸಾಕ್ಷ್ಯ ಹೇಳಲಾರದು. ಬ್ರೇಕಿನ ವಿಷಯದಲ್ಲಿಯೋ ಸ್ಟಿಯರಿಂಗಿನ ವಿಷಯದಲ್ಲಿಯೋ ಸಂದೇಹವಿದ್ದರೆ ಗಾಡಿಯನ್ನು ಓಡಿಸಲೇಬಾರದು. ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ, ನಷ್ಟವಾಗುವುದು ಬಿಲ್ಲಿನ ಮೊತ್ತವಲ್ಲ.

ಹಣವನ್ನು ಕೊಡದೆ ಗಾಡಿಯನ್ನು ಬಿಡಿಸಿಕೊಂಡು ಹೋಗಲು ಯತ್ನಿಸುವುದು ದೊಡ್ಡ ತಪ್ಪು. 1872ರ ಭಾರತೀಯ ಕರಾರು ಕಾಯಿದೆಯ 170ನೆಯ ವಿಧಿಯ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮವನ್ನೂ ಕೌಶಲವನ್ನೂ ವ್ಯಯಮಾಡಿದವನು ತನ್ನ ಕೂಲಿಯು ಸಲ್ಲುವವರೆಗೆ ಆ ವಸ್ತುವನ್ನು ತನ್ನಲ್ಲಿಯೇ ಉಳಿಸಿಕೊಳ್ಳಬಹುದು. ಆದರೆ ಆ ಹಕ್ಕು ಆ ಕೆಲಸದ ಕೂಲಿಗೆ ಮಾತ್ರ. ಬೇರೆ ಕರಾರಿಲ್ಲದಿದ್ದಲ್ಲಿ ಹಳೆಯ ಬಾಕಿಗಾಗಿ ಗಾಡಿಯನ್ನು ತಡೆಹಿಡಿಯುವಂತಿಲ್ಲ. ಅದೇ ಕಾಯಿದೆಯು ಒಪ್ಪಿಸಿದ ವಸ್ತುವನ್ನು ವಿವೇಕಿಯಾದ ಮನುಷ್ಯನು ತನ್ನ ಸ್ವಂತ ವಸ್ತುವನ್ನು ಕಾಪಾಡುವಂತೆ ಕಾಪಾಡಬೇಕೆಂದೂ, ಒಪ್ಪಂದಕ್ಕೆ ಮೀರಿ ಬಳಸಿದರೆ ಆಗುವ ನಷ್ಟಕ್ಕೆ ಹೊಣೆಯಾಗಬೇಕೆಂದೂ ಹೇಳುತ್ತದೆ. ಆದುದರಿಂದ ಜಾಣನಾದವನು, "ಈ ಬಿಲ್ಲಿನ ಇಂತಿಂತಹ ಸಾಲುಗಳನ್ನು ನಾನು ಒಪ್ಪಿಲ್ಲ; ಆಕ್ಷೇಪಣೆಯೊಡನೆ ಹಣವನ್ನು ಕೊಡುತ್ತಿದ್ದೇನೆ" ಎಂದು ಬರೆದುಕೊಟ್ಟು, ಬ್ಯಾಂಕಿನ ಮೂಲಕವೋ ಯುಪಿಐ ಮೂಲಕವೋ ಹಣವನ್ನು ತೆತ್ತು ಗಾಡಿಯನ್ನು ಬಿಡಿಸಿಕೊಳ್ಳುತ್ತಾನೆ. ಹೋರಾಟವನ್ನು ಅನಂತರ ನಡೆಸುತ್ತಾನೆ.

ಕಾನೂನಿನ ಬಾಗಿಲು

ಅನಂತರ ಗ್ಯಾರೇಜಿನ ಮಾಲೀಕನಿಗೆ, ಅಧಿಕೃತ ಕೇಂದ್ರವಾದರೆ ತಯಾರಕ ಸಂಸ್ಥೆಗೂ, ದಿನಾಂಕಗಳೊಡನೆ ಕಾಗದವನ್ನು ಬರೆದು, ಉತ್ತರಕ್ಕೆ ಹದಿನೈದು ದಿನಗಳ ಅವಕಾಶವನ್ನು ಕೊಡುವುದು ಯುಕ್ತ. ಉತ್ತರವು ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ದೂರು ಕೊಡಬಹುದು. ವ್ಯಾಜ್ಯಕ್ಕೆ ಮುಂಚಿನ ರಾಜಿಗೆ ಇದು ನೆರವಾಗುತ್ತದೆ. ಅದರಿಂದಲೂ ಫಲವಿಲ್ಲದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವಿದೆ. ತೆತ್ತ ಹಣವು 50 ಲಕ್ಷ ರೂಪಾಯಿಗಳನ್ನು ಮೀರದ ವ್ಯಾಜ್ಯಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ; 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರನ್ನಿಡಬೇಕೆಂಬ ಕಡ್ಡಾಯವಿಲ್ಲ. ದೂರುದಾರನು ತಾನು ವಾಸಿಸುವ ಸ್ಥಳದ ಆಯೋಗದಲ್ಲಿಯೇ ದೂರನ್ನು ಸಲ್ಲಿಸಬಹುದಾದುದರಿಂದ, ಹೊರ ಊರಿನ ಗ್ಯಾರೇಜಿನ ಮೇಲೂ ಸಂಜಯನಗರದ ನಿವಾಸಿಯು ಬೆಂಗಳೂರಿನಲ್ಲಿಯೇ ನ್ಯಾಯವನ್ನು ಕೇಳಬಲ್ಲನು. 2025ರಿಂದ ಇ-ಜಾಗೃತಿ ಎಂಬ ಏರ್ಪಾಡಿನ ಮೂಲಕ ಮನೆಯಿಂದಲೇ ದೂರು ಸಲ್ಲಿಸುವ ಸೌಕರ್ಯವೂ ಇದೆ. ಎರಡು ವರ್ಷಗಳ ಒಳಗೆ ದೂರನ್ನು ಸಲ್ಲಿಸಬೇಕೆಂಬ ಅವಧಿಯನ್ನು ಮಾತ್ರ ಮರೆಯಬಾರದು.

ಬಾಡಿಗೆ ಕಾರನ್ನು ಓಡಿಸಿ ಜೀವಿಸುವವರಿಗೆ ಇದರಲ್ಲಿ ಪಾಲಿಲ್ಲವೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ವ್ಯಾಪಾರಕ್ಕಾಗಿ ಪಡೆದ ಸೇವೆಯು ಕಾಯಿದೆಯ ಹೊರಗೆ ಉಳಿಯುವುದು ನಿಜವಾದರೂ, ಸ್ವಂತ ದುಡಿಮೆಯಿಂದ ಜೀವನೋಪಾಯವನ್ನು ನಡೆಸಲು ಮಾತ್ರವೇ ಪಡೆದ ಸೇವೆಯು ಒಳಗೆ ಬರುತ್ತದೆಂದು ವಾದಿಸಲು ಅವಕಾಶವುಂಟು. ಸಾಲದ ಕಂತು ಕಟ್ಟುತ್ತ ಗಾಡಿ ಓಡಿಸುವ ಬಡ ಚಾಲಕನಿಗೆ ಒಂದು ವಾರ ಗಾಡಿಯು ನಿಂತರೆ ಒಲೆಯೇ ನಿಂತಂತೆ. ಈ ರಕ್ಷಣೆಯು ಕಾರನ್ನು ವಿನೋದಕ್ಕಾಗಿ ಇಟ್ಟವನಿಗಿಂತ ಅವನಿಗೆ ಹೆಚ್ಚು ಅಗತ್ಯ.

ಆದರೆ ಆಯೋಗದ ಮುಂದೆ ಕಣ್ಣೀರಿಗಿಂತ ಕಾಗದಕ್ಕೆ ಬೆಲೆ ಹೆಚ್ಚು. ಸೇವೆಯಲ್ಲಿ ಕೊರತೆಯಿತ್ತೆಂಬುದನ್ನು ರುಜುವಾತುಪಡಿಸುವ ಹೊಣೆಯು ದೂರುದಾರನದೆಂದು ಸುಪ್ರೀಂ ಕೋರ್ಟು 2021ರಲ್ಲಿ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಕೆಲಸದ ಚೀಟಿ, ಬಿಲ್ಲು, ಹಳೆಯ ಭಾಗ, ಎರಡನೆಯ ಪರೀಕ್ಷಕನ ವರದಿ, ಆಕ್ಷೇಪಣೆಯ ಪತ್ರ ಈ ಐದೂ ಇದ್ದವನ ದೂರು ನಿಲ್ಲುತ್ತದೆ. ಒಂದೂ ಇಲ್ಲದವನ ದೂರು, ಅವನು ಸತ್ಯವಂತನಾಗಿದ್ದರೂ, ನಿಲ್ಲುವುದು ಕಷ್ಟ. ಪರೀಕ್ಷೆಯು ಬೇಕಿಲ್ಲದ ದೂರುಗಳನ್ನು ಮೂರು ತಿಂಗಳಲ್ಲಿಯೂ ಬೇಕಾದವುಗಳನ್ನು ಐದು ತಿಂಗಳಲ್ಲಿಯೂ ತೀರಿಸಲು ಯತ್ನಿಸಬೇಕೆಂದು ಕಾಯಿದೆಯು ಹೇಳಿದರೂ, ವಾಸ್ತವದಲ್ಲಿ ಹೆಚ್ಚು ಕಾಲವು ಹಿಡಿಯುವುದುಂಟು. ಹೊಸ ಭಾಗವನ್ನು ಕದ್ದು ಹಳೆಯದನ್ನು ಹಾಕಿದ್ದಾರೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದ್ದಲ್ಲಿ, 2023ರ ಭಾರತೀಯ ನ್ಯಾಯ ಸಂಹಿತೆಯ ನಂಬಿಕೆದ್ರೋಹ, ವಂಚನೆಗಳ ವಿಧಿಗಳ ಪ್ರಕಾರ ಪೋಲೀಸರ ಮೊರೆಹೋಗಬಹುದು. ಬರಿಯ ಬೆಲೆಯ ವಿವಾದಕ್ಕೆ ಪೋಲೀಸರನ್ನು ಕರೆಯುವುದು ಸರಿಯಲ್ಲ. ಹಾಗೆಯೇ ಸಂದೇಹದ ಮೇಲೆಯೇ ಗ್ಯಾರೇಜಿನವನ ಹೆಸರನ್ನು ಊರಿಗೆಲ್ಲ ಸಾರಿದವನು ಮಾನನಷ್ಟದ ಆಪಾದನೆಗೆ ತಾನೇ ಗುರಿಯಾದಾನು.

ಆಡಳಿತದ ಕರ್ತವ್ಯ

ಒಬ್ಬೊಬ್ಬ ಗಿರಾಕಿಯ ಎಚ್ಚರದಿಂದಲೇ ಎಲ್ಲವೂ ಸರಿಹೋಗದು. ಕ್ಯಾಲಿಫೋರ್ನಿಯಾದಲ್ಲಿ 1971ರಲ್ಲಿಯೇ ಮೋಟಾರು ದುರಸ್ತಿಗೆಂದು ಪ್ರತ್ಯೇಕ ಶಾಸನವು ಹುಟ್ಟಿತು. ಬರಹದ ಅಂದಾಜು, ಅದನ್ನು ಮೀರಲು ಗಿರಾಕಿಯ ಒಪ್ಪಿಗೆ, ಕೇಳಿದರೆ ಹಳೆಯ ಭಾಗವನ್ನು ಹಿಂದಿರುಗಿಸುವುದು, ಇವು ಅಲ್ಲಿ ಗಿರಾಕಿಯು ಬೇಡಿ ಪಡೆಯುವ ಉಪಕಾರಗಳಲ್ಲ, ಗ್ಯಾರೇಜಿನ ಕರ್ತವ್ಯಗಳು. ನಮ್ಮಲ್ಲಿ ಗ್ಯಾರೇಜು ತೆರೆಯಲು ನಗರಾಡಳಿತದಿಂದ ಉದ್ದಿಮೆಯ ಪರವಾನಗಿಯನ್ನು ಪಡೆಯಬೇಕು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಏಕ ಮಹಾನಗರಪಾಲಿಕೆಯು ಹೋಗಿ ಐದು ಪಾಲಿಕೆಗಳು ಬಂದಿವೆ. ಹೊಸ ಪಾಲಿಕೆಗಳು ಪರವಾನಗಿಯ ಹಣವನ್ನು ವಸೂಲುಮಾಡುವುದರಲ್ಲಿಯೇ ತೃಪ್ತವಾಗದೆ, ಈ ಮೂರು ಕರ್ತವ್ಯಗಳನ್ನು ಪರವಾನಗಿಯ ಷರತ್ತುಗಳನ್ನಾಗಿ ಮಾಡಬಾರದೇಕೆ? ಸಾಮಾನ್ಯ ಕೆಲಸಗಳ ಕೂಲಿಯ ದರಪಟ್ಟಿಯನ್ನು ಗ್ಯಾರೇಜಿನ ಗೋಡೆಯ ಮೇಲೆ ತೂಗುಹಾಕುವಂತೆ ವಿಧಿಸುವುದಕ್ಕೆ ಖರ್ಚೇನೂ ಇಲ್ಲ.

ಆ ಪಟ್ಟಿಯೂ ಕೆಲಸದ ಚೀಟಿಯೂ ಕನ್ನಡದಲ್ಲಿರಬೇಕು. ದೊಡ್ಡ ಕೇಂದ್ರಗಳ ಚೀಟಿಯ ಹಿಂಬದಿಯಲ್ಲಿ ಇರುವೆಯ ಸಾಲಿನಂತೆ ಅಚ್ಚಾದ ಇಂಗ್ಲಿಷ್ ಷರತ್ತುಗಳ ಕೆಳಗೆ, ಓದಲಾಗದೆ ಓದದೆ ರುಜು ಹಾಕುವವರು ಈ ನಗರದಲ್ಲಿ ಲಕ್ಷಾಂತರ ಮಂದಿ. ತಿಳಿಯದ ಭಾಷೆಯಲ್ಲಿ ಪಡೆದ ಒಪ್ಪಿಗೆಯು ಒಪ್ಪಿಗೆಯೇ ಅಲ್ಲ. ಗಾಡಿಯನ್ನು ಬಿಚ್ಚುವ ಹುಡುಗನೂ ಅದನ್ನು ಬಿಟ್ಟುಹೋಗುವ ಚಾಲಕನೂ ಕನ್ನಡದಲ್ಲಿಯೇ ಮಾತನಾಡಿಕೊಳ್ಳುತ್ತಿರುವಾಗ, ಅವರಿಬ್ಬರ ನಡುವಣ ಕರಾರು ಮಾತ್ರ ಇಬ್ಬರಿಗೂ ತಿಳಿಯದ ಭಾಷೆಯಲ್ಲಿರುವುದು ವಿಚಿತ್ರವಲ್ಲವೆ?

ಗ್ರಾಹಕನ ಹಕ್ಕುಗಳ ಮಾತಿನ ಭರದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಗಾಡಿಯ ಅಡಿಯಲ್ಲಿ ಮಲಗಿ ದುಡಿಯುವವನನ್ನು ಶತ್ರುವೆಂದು ಬಗೆಯಬಾರದು. ಐದು ರೂಪಾಯಿಯ ತಂತಿಯಿಂದ ಸರಿಹೋಗುವುದನ್ನು ಐದು ರೂಪಾಯಿಯ ತಂತಿಯಿಂದಲೇ ಸರಿಪಡಿಸಿ, "ಇಷ್ಟೇ ಸ್ವಾಮಿ, ಭಾಗವೇನೂ ಬೇಕಿಲ್ಲ" ಎನ್ನುವ ಮೆಕ್ಯಾನಿಕ್ಕುಗಳು ಈ ನಗರದ ಬೀದಿಗಳಲ್ಲಿದ್ದಾರೆ. ಅಂತಹವನ ಎರಡು ಗಂಟೆಗಳ ವಿಚಾರಕ್ಕೆ ನೂರು ರೂಪಾಯಿಗಳನ್ನು ಕೊಡಲು ಹಿಂಜರಿಯುವ ಗಿರಾಕಿಯು, ಮೋಸಗಾರನು ಬರೆದ ಹತ್ತು ಸಾವಿರದ ಭಾಗಕ್ಕೆ ಚೌಕಾಸಿಯಿಲ್ಲದೆ ಹಣ ಕೊಡುತ್ತಾನೆ. ಏಕೆಂದರೆ ಭಾಗವು ಕಣ್ಣಿಗೆ ಕಾಣುತ್ತದೆ, ಜ್ಞಾನವು ಕಾಣುವುದಿಲ್ಲ. ಕಷ್ಟಪಟ್ಟು ರೋಗವನ್ನು ಕಂಡುಹಿಡಿದವನಿಗೆ ಆ ವಿದ್ಯೆಯ ಕೂಲಿಯನ್ನು ಬಿಲ್ಲಿನಲ್ಲಿ ಬರೆಯಿಸಿ ಸಂತೋಷದಿಂದ ಕೊಡುವುದನ್ನು ನಾವು ಕಲಿತರೆ, ಬೇಡದ ಭಾಗವನ್ನು ಮಾರಿ ಹೊಟ್ಟೆ ಹೊರೆಯಬೇಕಾದ ಒತ್ತಡವು ಅವನಿಗಿರದು. ಮೋಸವನ್ನು ಬರಹದಿಂದ ಹಿಡಿಯುವುದು ಎಷ್ಟು ಅಗತ್ಯವೋ, ಪ್ರಾಮಾಣಿಕತೆಗೆ ಬೆಲೆ ಕೊಡುವುದೂ ಅಷ್ಟೇ ಅಗತ್ಯ. ಮೊದಲನೆಯದನ್ನು ಕಾನೂನು ಮಾಡಬಲ್ಲದು, ಎರಡನೆಯದನ್ನು ಗಿರಾಕಿಯೇ ಮಾಡಬೇಕು.